ಕುಂಡ್ರತೈತಿ ಬಿಡ್ರಿ

ಹುಲಕೋಟಿ ಇನ್ನೂ ಬಂದಿದ್ದಿಲ್ಲ.
ಎಡಗಡೆ ಮುಂದಿನ ಗಾಲಿ
ಮೊದಲು ಗೊಣಗಿತು, ಆಮ್ಯಾಲ ಬಡಕೊಂಡಿತು,
ಬಾಗಲಾ ತಗೀರಿ ಅಂತ ಒಳಗಿಂದ ಯಾರೋ ಗುದ್ದಿದಂಗ.
ಗಾಡಿ ಬದೀಗೆ ಹಚ್ಚಿದೆ.
ಹಿಂದಿನ ಸೀಟಿನ್ಯಾಗ ನಾ ಮಾಡಿದ ಹನ್ನೊಂದು ಮಂದಿಯ ಹಲ್ಲು,
ಹೆಸರು ಬರೆದ ಡಬ್ಬಿಯೊಳಗ
ನನಗಿಂತ ಹೆಚ್ಚು ಹೆದರಿ ಕಟಕಟ ಅಂತಿದ್ದವು.

ನಾಕು ನಟ್ಟಿನ್ಯಾಗ ಎರಡು ಇಲ್ಲ.
ಒಂದು ಬೆರಳಿಗೇ ತಿರಗತಿತ್ತು.
ಇನ್ನೊಂದು ತನ್ನ ಸ್ಟಡ್ ಸಮೇತ ಸೊಟ್ಟ.
ರಿಮ್ಮಿನ ತೂತು ದುಂಡಗ ಉಳಿದಿದ್ದಿಲ್ಲ,
ಹುಣಸಿಬೀಜದ ಆಕಾರಕ್ಕ ಬಂದಿದ್ದವು.
ಎರಿಹೊಲದಿಂದ ಒಬ್ಬಾಂವ ಎದ್ದು ಬಂದು ನೋಡಿ
"ಪುಣ್ಯೇದ ಗಾಲಿರಿ ಅಕ್ಕಾರ, ನಿಮ್ಮನ್ನ ಬಿಟ್ಟು ಓಡಿಲ್ಲ" ಅಂದ,
ಒಂದ ಹಿಡಿ ಹಸಿ ಕಡ್ಲಿ ಬಾನೆಟ್ ಮ್ಯಾಲ ಇಟ್ಟು ಹೋದ.
ಉಳಿದ ಗಾಲಿಗಳಿಂದ ಒಂದೊಂದು ನಟ್ಟು ಕಡ ತಗೊಂಡು
ಎತ್ತಿನ ನಡಿಗಿಯೊಳಗ ಗದಗ ಮುಟ್ಟಿದೆ.

ಬೆಟಗೇರಿಯ ಮುದಕಪ್ಪ ಮೊದಲು ಚಾ ತರಿಸಿದ.
ಚಾ ಬರೂದ್ರೊಳಗ ಮೂರು ಕಾರಣ ಕೊಟ್ಟ:
ನೀವು ತೆಗ್ಗು ನೋಡದ ಹಾರಿಸಿರಬೇಕು.
ಯಾರರ ಹುಡುಗರು ರಾತ್ರಿ ನಟ್ಟು ಸಡಿಲ ಮಾಡಿರಬೇಕು.
ಐವತ್ತು ಕಿಲೋಮೀಟರ್ ಆದ ಮ್ಯಾಲ ಮತ್ತ ಬಿಗಿ ಮಾಡಸ್ರಿ ಅಂತ
ಬೋರ್ಡ್ ಹಾಕೇನಲ್ರಿ, ಅಲ್ಲೆ.
ಬೋರ್ಡಿನ ಮುಂದ ಹಳೇ ಟೈರಿನ ಗುಡ್ಡ,
ಗುಡ್ಡದ ಮ್ಯಾಲ ಬೆಕ್ಕು.
"ಟೈರ್ ಹಾಕಿದ ಮರುದಿನಾನ ಫೋನ್ ಮಾಡಿದ್ದೆ,
ಸ್ಟೇರಿಂಗ್ ನಡಗತೈತಿ ಅಂತ. ನೀವು ಏನಂದ್ರಿ?"
ಅವನಿಗೆ ನೆನಪಿಲ್ಲ. ನನಗೈತಿ:
ಹೊಸಾ ಟೈರು. ಓಡಿಸ್ರಿ, ತಾನ ಕುಂಡ್ರತೈತಿ ಬಿಡ್ರಿ.

ಜಗಳಾ ಆಡಾಕ ನನಗ ಬರಂಗಿಲ್ಲ.
ಅಳತಿ ತಗೋಳಾಕ ಬರತೈತಿ.
ರಾತ್ರಿ ಲ್ಯಾಬಿನ ಗುಲಾಬಿ ಪುಡಿ ನೀರಿನ್ಯಾಗ ಕಲಸಿ
ಬಾಯಿಗೆ ಹಚ್ಚುವಂಗ ರಿಮ್ಮಿನ ತೂತಿಗೆ ಹಚ್ಚಿದೆ,
ನೂರಾ ಎಂಬತ್ತು ಎಣಿಸಿದೆ, ಬಿಡಿಸಿದೆ,
ಹಳದಿ ಕಲ್ಲುಪುಡಿ ಸುರುವಿದೆ.
ಸ್ಟೆಪ್ನಿ ರಿಮ್ಮಿಂದ ಇನ್ನೊಂದು.
ಮುಂಜಾನೆ ಎರಡೂ ಅಚ್ಚು ಅವನ ಬಿಲ್ ಬುಕ್ಕಿನ ಮ್ಯಾಲ ಇಟ್ಟೆ,
ಒಂದು ದುಂಡಗ, ಒಂದು ಉದ್ದಕ.
"ಒಂದ ತೆಗ್ಗಿಗೆ ಹಿಂಗ ಸವಿಯಂಗಿಲ್ರಿ.
ದಿನಾ ಚೂರ ಚೂರ ಅಲಗ್ಯಾಡಿ ತಿಂದದ್ದು ಇದು.
ವಸಡಿನ್ಯಾಗ ನೋಡೇನಿ."

ಮುದಕಪ್ಪ ಬೆರಳು ಆಡಿಸಿ ನೋಡಿದ. ಹೊಳ್ಳಿಸಿ ನೋಡಿದ.
ಏನೂ ಅನಲಿಲ್ಲ.
ಏರ್ ಗನ್ ಹಿಡಿದು ನಿಂತಿದ್ದ ಹುಡುಗ ದಾವಲ
ತನ್ನ ಚಪ್ಪಲಿ ತಾನ ನೋಡಕೋತ ಅಂದ:
"ಅವತ್ತ ಕರೆಂಟ್ ಹೋಗಿತ್ರಿ, ಸಾವಕಾರ್ರ. ಕೈಲೆ ತಿರುವಿದ್ದೆ.
ಬಂದ ಮ್ಯಾಲ ಬಿಗಿ ಮಾಡೋಣು ಅಂತ..."
ಚಾದ ಮ್ಯಾಲ ಕೆನಿ ಕಟ್ಟಿತ್ತು.

ರಿಮ್ಮು, ಹಬ್ಬು, ನಾಕು ಸ್ಟಡ್ಡು ಅವನ ಪಾಲಿಗೆ.
ಬಾಗಿದ ಫೆಂಡರ್ ನನ್ನ ಪಾಲಿಗೆ ಅಂತ ಒಪ್ಪಿದೆ.
ಯಾಕ ಒಪ್ಪಿದಿ ಅಂತ ಮನ್ಯಾಗ ಇನ್ನೂ ಕೇಳತಾರ.
ದಾವಲನ ಪಗಾರದಾಗ ಮುರಕೋಬ್ಯಾಡ್ರಿ ಅಂದು ಬಂದೆ.
ಮುರಕೊಂಡನೋ ಏನೋ.
ಈ ಸಲ ಹುಡುಗ ಅವಸರ ಮಾಡಲಿಲ್ಲ.
ಒಂದರ ಎದುರಿಗೆ ಒಂದು ನಟ್ಟು ಹಿಡಿದು
ಪಾನಾದ ಮ್ಯಾಲ ಕಾಲಿಟ್ಟು ಬಿಗಿದ.
ಕಿರ್ ಅಂದು ನಿಂತಿತು.

ಹೊಳ್ಳಿ ಬರುವಾಗ ಸ್ಟೇರಿಂಗ್ ಕೈಯಾಗ ಸುಮ್ಮನಿತ್ತು.
ಅಷ್ಟು ಸುಮ್ಮನಿದ್ದದ್ದಕ್ಕ ಬ್ಯಾರೆ ಸಪ್ಪಳ ಕೇಳಿತು:
ಶಿರಹಟ್ಟಿಯ ಫಕ್ಕೀರವ್ವ, ಕೆಳಗಿನ ಸೆಟ್ಟು,
ದೀಪಾವಳಿ ಮುಂದ ಒಯ್ದಾಕಿ.
ಎರಡು ಸಲ ಫೋನ್ ಮಾಡಿದ್ದಳು,
ರೊಟ್ಟಿ ಕಡ್ಯಾಕ ಆಗವಲ್ದವ್ವಾ, ಒತ್ತತೈತಿ.
ನಾ ಏನಂದಿದ್ದೆ?

ಗಾಡಿ ಹೊಳ್ಳಿಸಿದೆ.
ಹಾದಿಯೊಳಗ ಎರಡು ಸಲ ಇಳಿದು ನಟ್ಟು ಮುಟ್ಟಿ ನೋಡಿದೆ.
ಕಟ್ಟಿ ಮ್ಯಾಲ ಕೂತಿದ್ದಳು ಮುದುಕಿ, ಬೊಚ್ಚುಬಾಯಿ.
ಸೆಟ್ಟು ಎಲಿ ಚೀಲದಾಗ, ಅಡಕಿ ಜೋಡಿ.
ಕೈ ತೊಳಕೊಂಡು ಎದುರಿಗೆ ಕೂತೆ.
"ಎಲ್ಲೆ ಒತ್ತತೈತಿ, ಎವ್ವಾ?
ಬೆರಳು ಇಟ್ಟು ತೋರಸ್ರಿ."